ಸಾಯಬಣ್ಣನ ಸಂಗೀನು

"ಒರೆಸಿಬಿಟ್ಟೆಲ್ಲೋ ಭಾಡ್ಯಾ! ಐವತ್ತು ವರ್ಷದ ಅರಿಷಿಣ ಒರೆಸಿಬಿಟ್ಟೆಲ್ಲೋ!"

ದೌಲಪ್ಪ ಮಾವ ಕೂಗಿದ ರಭಸಕ್ಕೆ ಚಪ್ಪರದ ಕೆಳಗೆ ಅಕ್ಕಿ ಆರಿಸುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಎಂಬತ್ತು ವರ್ಷದ ಮನುಷ್ಯ. ಕೋಲು ಬಿಟ್ಟು ನಿಂತಿದ್ದ.

"ಬರೇ ಬುಡಕ್ಕ ಒರೆಸೀನಿ ಮಾವ. ಎರಡು ಬೆರಳಿನಷ್ಟು."

"ಎರಡು ಬೆರಳು! ನಿನ್ನ ಕುತ್ತಿಗಿ ಎರಡು ಬೆರಳು ಕೊಯ್ದರ ಸುಮ್ನ ಇರ್ತಿ ಏನು?"

ಶಾರದಾಬಾಯಿ ಅತ್ತೆ ಅರಿಶಿನದ ಬಟ್ಟಲು ಹಿಡಿದುಕೊಂಡೇ ಒಳಗಿನಿಂದ ಓಡಿ ಬಂದಳು. "ಸೀಮಿಎಣ್ಣಿ ಹಚ್ಚ್ಯಾನರಿ! ಮದುಮಗನ ಕೈಯಾಗಿನ ಹತಾರಕ್ಕ ಸೀಮಿಎಣ್ಣಿ! ಮೂಗಿಲೆ ನೋಡ್ರಿ, ವಾಸನಿ ಹ್ಯಾಂಗ ಹೊಡಿಲಾಕತ್ತದ."

ಮದುಮಗ ಶಿವಶರಣ ಮಣೆಯ ಮೇಲೆ ಕುಳಿತಿದ್ದ. ಮಾವನ ಮೊಮ್ಮಗ. ಮುಖ, ಕೈ, ಪಾದ ಎಲ್ಲ ಹಳದಿ. ಬಲಗೈಯಲ್ಲಿ ಸಂಗೀನು, ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು, ಎಡಗೈಯಲ್ಲಿ ಮೊಬೈಲು. "ಮುತ್ಯಾ, ನಾ ಕೈ ಬಿಟ್ಟಿಲ್ಲ ನೋಡ್ರಿ," ಎಂದ. "ಮಾಮಾ ಒರೆಸುವಾಗೂ ಹಿಡಕೊಂಡೇ ಇದ್ದೆ."

"ನೀ ಬಾಯಿ ಮುಚ್ಚಿಕೊಂಡು ಕೂಡು."

ನಾನೂ ಬಾಯಿ ಬಿಟ್ಟೆ. ನನ್ನ ಬಾಯಿ ಮಾವನದಕ್ಕಿಂತ ಸಣ್ಣದಲ್ಲ. "ನಿಮ್ಮ ಅರಿಷಿಣ, ನಿಮ್ಮ ನಿಂಬಿಹಣ್ಣು! ಪ್ರತಿ ಮದಿವ್ಯಾಗ ಹುಳಿ ಹಚ್ಚಿ ಹಚ್ಚಿ ಉಕ್ಕು ತಿಂದು ಹೋಗ್ಯಾದ. ತುದಿ ನೋಡ್ರಿ, ಕಪ್ಪಗ ಕೊಳ್ತು ಹೋದ ಹಲ್ಲಿನಂಗ ಆಗ್ಯಾದ. ಇದು ನನ್ನ ಗೋಡಿ ಮ್ಯಾಲ ಇದ್ದಿದ್ರ ಹಿಂಗ ಆಗ್ತಿತ್ತೇನು?"

"ನಿನ್ನ ಗೋಡಿ ಮ್ಯಾಲಿಂದು ಎಲ್ಲಾ ಗುಜರಿ. ಇದು ನಮ್ಮಪ್ಪಂದು!"

ಎಲ್ಲರೂ ಹೌದು ಹೌದು ಅಂದರು. ಅತ್ತೆ ಕೂಡಲೇ ಹೊಸ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಸಂಗೀನಿನ ಬುಡಕ್ಕೆ ದಪ್ಪಗೆ ಮೆತ್ತಿದಳು. ನಾನು ತೆರೆದಿದ್ದ ಎರಡು ಬೆರಳಿನ ಜಾಗ ಮುಚ್ಚಿಹೋಯಿತು. ಜಗಳ ಅಲ್ಲಿಗೆ ಮುಗಿಯಿತೆಂದು ಹೆಂಗಸರು ಮತ್ತೆ ಅಕ್ಕಿಯ ಕಡೆ ತಿರುಗಿದರು. ನನಗೆ ಮಾತ್ರ ಮುಗಿದಿರಲಿಲ್ಲ. ಅತ್ತೆ ಮುಚ್ಚುವ ಮೊದಲು ಅಲ್ಲಿ ಒತ್ತಿದ್ದ ಗುರುತನ್ನು ನಾನು ನೋಡಿಬಿಟ್ಟಿದ್ದೆ.

ನಮ್ಮ ಕಡೆ ಅರಿಶಿನ ಹಚ್ಚಿದ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಮದುಮಗ ಒಬ್ಬನೇ ಹೊಸ್ತಿಲು ದಾಟುವಂತಿಲ್ಲ, ಕೈಯಲ್ಲಿನ ಕಬ್ಬಿಣ ಕೆಳಗಿಡುವಂತಿಲ್ಲ. ಉಣ್ಣುವಾಗ, ಮಲಗುವಾಗ, ಹಿತ್ತಲಿಗೆ ಹೋಗುವಾಗ, ಎಲ್ಲದಕ್ಕೂ ಅದು ಕೈಯಲ್ಲೇ. ಬೇರೆ ಮನೆಗಳಲ್ಲಿ ಚೂರಿ ಹಿಡಿಯುತ್ತಾರೆ, ಅಡಕೊತ್ತು ಹಿಡಿಯುತ್ತಾರೆ. ನನ್ನ ತಾಯಿಯ ತವರುಮನೆಯಲ್ಲಿ ಹಿಡಿಯುವುದು ಸಂಗೀನು, ಅಂದರೆ ಸಿಪಾಯಿಗಳು ಬಂದೂಕಿನ ತುದಿಗೆ ಸಿಕ್ಕಿಸುವ ಅಲಗು. ಮದುವೆ ಮುಗಿದರೆ ಅದಕ್ಕೆ ಹತ್ತಿದ ಅರಿಶಿನ ತೊಳೆಯಬಾರದು. ಹಾಗೆಯೇ ಕೆಂಪು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಬೇಕು. ಮುಂದಿನ ಮದುವೆಗೆ ಅದರ ಮೇಲೆಯೇ ಮತ್ತೊಂದು ಪದರ. ಮಾವನ ಮದುವೆ, ಅವನ ತಮ್ಮಂದಿರ ಮದುವೆ, ಮಗನ ಮದುವೆ, ನನ್ನ ಮದುವೆ, ಎಲ್ಲರ ಅರಿಶಿನವೂ ಅದರ ಮೇಲೆ ಹೆಪ್ಪುಗಟ್ಟಿ ಮೇಣದ ಹಾಗೆ ಕೂತಿತ್ತು.

ಅದರ ಕಥೆ ಮಾವನ ಊರು ಕಮಲಾಪುರದಲ್ಲಿ ಕೂಸಿಗೂ ಗೊತ್ತು. ನಿಜಾಮನ ರಾಜ್ಯ ಮುಳುಗುತ್ತಿದ್ದ ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರ್. ರಜಾಕಾರನೊಬ್ಬ ನಮ್ಮ ಬಣವೆಗಳಿಗೆ ಬೆಂಕಿ ಇಡಲು ಬಂದ. ನನ್ನ ಮುತ್ಯಾ, ಅಂದರೆ ತಾಯಿಯ ಅಪ್ಪ, ಸಾಯಬಣ್ಣ ಬರಿಗೈಯಲ್ಲಿ ಅವನ ಮೇಲೆ ಬಿದ್ದು, ಬಂದೂಕಿನಿಂದ ಸಂಗೀನು ಕಿತ್ತುಕೊಂಡು, ಅವನನ್ನು ಊರ ಹೊರಗಿನವರೆಗೆ ಅಟ್ಟಿಸಿಕೊಂಡು ಹೋದ. ಕಥೆಯಲ್ಲಿ ಆ ರಜಾಕಾರನಿಗೆ ಹೆಸರಿತ್ತು. ಮೈಬೂಬ. ಅದೇ ಊರಿನ ಟಾಂಗಾದವನು. ನನ್ನ ಅಪ್ಪ ನಾನು ಮೂರು ವರ್ಷದವನಿದ್ದಾಗ ತೀರಿದ. ಬೆಳೆದದ್ದು ಮಾವನ ಮನೆಯಲ್ಲಿ, ಓದಿದ್ದು ಕಮಲಾಪುರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಮಾವ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಈ ಕಥೆ ಹೇಳುತ್ತಾ ಉಣಿಸುತ್ತಿದ್ದ. ಮೈಬೂಬ ಓಡುವ ಜಾಗ ಬಂದಾಗ ನಾನು ಚಪ್ಪಾಳೆ ಹೊಡೆಯುತ್ತಿದ್ದೆನಂತೆ.

ನನ್ನ ಮದುವೆಯಲ್ಲಿ ಮೂರು ದಿನ ಅದನ್ನು ಹಿಡಿದು ಕುಳಿತಾಗ ಬೇರೆ ಕೆಲಸವಿರಲಿಲ್ಲ. ಅದರ ಗುಂಡಿ ಒತ್ತಿದೆ, ಬಿಟ್ಟೆ. ಬಂದೂಕಿನ ನಳಿಗೆ ಕೂರುವ ಬಳೆಯಲ್ಲಿ ಬೆರಳು ತೂರಿಸಿದೆ. ಅಲಗಿನ ಉದ್ದಕ್ಕೂ ಇದ್ದ ಕಾಲುವೆಯಂಥ ಗೀರನ್ನು ಸವರಿದೆ. ಮದುವೆಯಾದ ವಾರಕ್ಕೆ ಕಲಬುರಗಿಯ ಮೋಮಿನಪುರದಲ್ಲಿ ಮಕ್ಬೂಲ್ ಭಾಯಿಯ ಗುಜರಿ ಅಂಗಡಿಗೆ ಹೋಗಿ, ಇಂಥದ್ದು ಇದೆಯೇನು ಎಂದು ಕೇಳಿದೆ. ಹಳೇ ಜಾಕು, ಮುರಿದ ಫ್ಯಾನುಗಳ ಕೆಳಗಿನಿಂದ ಒಂದನ್ನು ಎಳೆದು ಕೊಟ್ಟ. ಅಂದಿನಿಂದ ಇಪ್ಪತ್ತಾರು ವರ್ಷ. ಈಗ ಕಲಬುರಗಿಯ ಜಗತ್ ವೃತ್ತದ ಹಿಂದಿನ ಓಣಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಮೇಲಿನ ಕೋಣೆಯ ಗೋಡೆಗೆ ನಲವತ್ತೊಂದು ಸಂಗೀನು ಇವೆ.

ಓದುವುದನ್ನು ಕಲಿಸಿದವನು ಮಕ್ಬೂಲ್. ಪುಸ್ತಕ ಓದುವುದಲ್ಲ, ಉಕ್ಕು ಓದುವುದು. ಅಲಗಿನ ಬುಡದಲ್ಲಿ ಒತ್ತಿದ ಅಕ್ಷರಗಳ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಬೆರಳಿಂದ ಒರೆಸಿದರೆ, ತಗ್ಗಿನಲ್ಲಿ ಪುಡಿ ಉಳಿದು ಅಕ್ಷರ ಬೆಳ್ಳಗೆ ಮೇಲೇಳುತ್ತದೆ. ಎಲ್ಲಿ ಮಾಡಿದ್ದು, ಯಾವ ವರ್ಷ, ಯಾರು ಪರೀಕ್ಷೆ ಮಾಡಿದರು, ಎಲ್ಲ ಅಲ್ಲಿರುತ್ತದೆ. ಗ್ರೈಂಡರ್ ಹಿಡಿದು ಹೊಳಪು ಕೊಟ್ಟ ಸಂಗೀನನ್ನು ಮಕ್ಬೂಲ್ ಕೈಯಲ್ಲಿ ಹಿಡಿಯುವುದೂ ಇಲ್ಲ. "ನಾಲಿಗಿ ಕೊಯ್ದು ತಂದಾನ," ಎನ್ನುತ್ತಾನೆ.

ಮದ್ದು ತುಂಬುವ ಬಂದೂಕಿನ ಕಾಲದಲ್ಲಿ ಒಂದು ಗುಂಡು ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಕುದುರೆ ಮೈಮೇಲೆ ಬಂದಿರುತ್ತಿತ್ತು. ಅದಕ್ಕೆ ಬಂದೂಕನ್ನೇ ಭರ್ಜಿ ಮಾಡಿದರು. ಮೊದಮೊದಲು ಚೂರಿಯ ಹಿಡಿಯನ್ನು ನಳಿಗೆಯ ಬಾಯಿಗೇ ತುರುಕುತ್ತಿದ್ದರಂತೆ. ತುರುಕಿದ ಮೇಲೆ ಗುಂಡು ಹಾರಿಸುವಂತಿಲ್ಲ. ಎಂಥ ಬುದ್ಧಿ! ಆಮೇಲೆ ನಳಿಗೆಯ ಪಕ್ಕಕ್ಕೆ ಕೂರುವ ಕೊಳವೆ ಬಂತು, ಮೂರು ಮೂಲೆಯ ಮೊಳೆಯಂಥ ಅಲಗು ಬಂತು. ಅಂಥವು ನನ್ನ ಹತ್ತಿರ ಆರು ಇವೆ. ಬಂದೂಕು ಗಿಡ್ಡವಾದಂತೆ ಸಂಗೀನು ಉದ್ದವಾಯಿತು. ಬ್ರಿಟಿಷರ ಸಾವಿರದ ಒಂಬೈನೂರ ಏಳರ ನಮೂನೆಯ ಅಲಗು ಹದಿನೇಳು ಅಂಗುಲ. ಮೊದಮೊದಲು ಅದರ ಹಿಡಿಯ ಬಳಿ ಕೆಳಗೊಂದು ಕೊಕ್ಕೆ ಇತ್ತು. ಆರು ವರ್ಷಕ್ಕೆ ಬೇಡವೆಂದು ತೆಗೆದರು. ಕೊಕ್ಕೆ ಇರುವುದಕ್ಕೆ ಸಂಗ್ರಹ ಮಾಡುವವರು ಜೀವ ಬಿಡುತ್ತಾರೆ. ನನಗೆ ಸಿಕ್ಕಿದ್ದು ಒಂದೇ. ಎರಡನೆಯ ಮಹಾಯುದ್ಧದಲ್ಲಿ ನಮ್ಮ ದೇಶದಲ್ಲಿ ಹನ್ನೆರಡು ಅಂಗುಲದ ಗಿಡ್ಡ ಸಂಗೀನು ಮಾಡಿದರು, ಉದ್ದನೆಯವನ್ನು ಕತ್ತರಿಸಿಯೂ ಮಾಡಿದರು. ಮಾವನ ಮನೆಯದು ಆ ಗಿಡ್ಡ ಜಾತಿಯದು. ನಲವತ್ತೆಂಟಕ್ಕೆ ಹೊಂದುತ್ತದೆ. ಹೊರಗಿನಿಂದ ನೋಡಿದರೆ ಯಾರಿಗೂ ಸಂಶಯ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಬರಬಾರದೆಂದು ನಾನೇ ಆ ಅರಿಶಿನ ಕೆದರಿ ನೋಡಿರಲಿಲ್ಲ ಅಂದರೂ ಸರಿಯೇ.

ಕಮಲಾಪುರದಲ್ಲಿ ನಮ್ಮ ಮಂದಿ ಹೊಸ ಕಲ್ಯಾಣ ಮಂಟಪ ಕಟ್ಟಿಸಿದರು. ಅದರ ಪಡಸಾಲೆಯಲ್ಲಿ ಊರ ಹಿರಿಯರ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದೆಂದು ತೀರ್ಮಾನವಾಯಿತು. ಮೊದಲನೆಯ ಪೆಟ್ಟಿಗೆ ಸಾಯಬಣ್ಣನ ಸಂಗೀನಿಗೆ. ಶಿವಶರಣನ ಮದುವೆ ಅದೇ ಮಂಟಪದಲ್ಲಿ. ಅಕ್ಕಿಕಾಳು ಬಿದ್ದ ಕೂಡಲೇ ಮದುಮಗ ಸಂಗೀನನ್ನು ಸೋದರಮಾವನ ಸಾಲಿನವನಾದ ನನ್ನ ಕೈಗೆ ಕೊಡಬೇಕು, ನಾನು ನಾಲ್ಕು ಮಾತು ಹೇಳಿ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಯ ಚೌಕಟ್ಟು ಬೆಸೆದವನೂ ನಾನೇ. ಹಿತ್ತಾಳೆ ತಗಡಿನ ಮೇಲೆ ಕೆತ್ತುವ ಮಾತು ಬರೆದುಕೊಟ್ಟವನೂ ನಾನೇ. 'ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಕಮಲಾಪುರದ ಸಾಯಬಣ್ಣನವರು ರಜಾಕಾರ ಮೈಬೂಬನಿಂದ ಕಸಿದುಕೊಂಡ ಸಂಗೀನು.' ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಕೆತ್ತಿಸಿ ತಂದು ಅಂಗಡಿಯ ಮೇಜಿನ ಮೇಲಿಟ್ಟಿದ್ದೆ.

ಅದನ್ನು ಮಕ್ಬೂಲ್ ನೋಡಿದ. ಅವನು ಮೈಬೂಬನ ಮೊಮ್ಮಗ.

ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಇಪ್ಪತ್ತು ವರ್ಷದಿಂದ ಗೊತ್ತು. ನನ್ನ ಗೋಡೆ ನೋಡಲು ಬಂದವರಿಗೆಲ್ಲ ನಾನು ಸಾಯಬಣ್ಣನ ಕಥೆ ಹೇಳುತ್ತಿದ್ದೆ. ಮಕ್ಬೂಲ್ ಇದ್ದರೆ ಮೈಬೂಬ ಅನ್ನದೆ 'ಒಬ್ಬ ರಜಾಕಾರ' ಅನ್ನುತ್ತಿದ್ದೆ. ಅವನು ಬೀಡಿಯ ನೆಪ ಹೇಳಿ ಕೆಳಗಿಳಿಯುತ್ತಿದ್ದ. ನಾವಿಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಹಾಗೆಯೇ ನಡೆದುಹೋಗುತ್ತದೆ ಅಂದುಕೊಂಡಿದ್ದೆ.

ಅವತ್ತು ಅವನು ಬೀಡಿಗೆ ಹೋಗಲಿಲ್ಲ. ತಗಡನ್ನು ಎರಡು ಸಲ ಓದಿ ಬೋರಲು ಹಾಕಿದ. "ಬಾಯಿಲೆ ಅಂದಿದ್ದು ಬ್ಯಾರೆ ಚಂದ್ರಶಾ. ಇದು ಹಿತ್ತಾಳಿ," ಎಂದ. "ಅಲ್ಫಿಯಾಗ ಎಲ್ಲಿ ನೌಕರಿ ಸಿಕ್ಕದ ಗೊತ್ತದಲ್ಲ?"

ಗೊತ್ತಿತ್ತು. ಅವನ ಮಗಳು ಅಲ್ಫಿಯಾ ಜೂನ್‌ನಿಂದ ಕಮಲಾಪುರದ ಶಾಲೆಯಲ್ಲಿ ಟೀಚರು.

"ಶಾಲಿ ಗ್ವಾಡಿಗಿ ಹತ್ತಿದಂಗ ನಿಮ್ಮ ಮಂಟಪ. ಹುಡುಗುರನ್ನ ಸಾಲು ಹಿಡಿಸಿಕೊಂಡು ಬಂದು ಪೆಟ್ಟಿಗಿ ತೋರ್ಸೋರು ಯಾರು? ಅಕಿನೇ. ಮೈಬೂಬ ಅಂದ್ರ ಯಾರು ಟೀಚರ್, ಅಂತ ಕೇಳ್ತಾವ. ಏನಂತ ಹೇಳ್ಬೇಕು ಅಕಿ?"

ನಾನು ಬೋರಲು ಬಿದ್ದ ತಗಡನ್ನು ಮೇಜಿನ ಮೂಲೆಗೆ ಸರಿಸಿದೆ.

"ನಮ್ಮ ದಾದಾ ಟಾಂಗಾ ಹೊಡಿತಿದ್ದ. ಅವನ ಕೈಯಾಗ ಚಾಬೂಕ ಬಿಟ್ರ ಬ್ಯಾರೆ ಏನೂ ಇರಲಿಲ್ಲ ಅಂತ ನಮ್ಮಪ್ಪ ಸಾಯೋ ತನಕ ಹೇಳ್ದ. ಯಾರು ಕೇಳ್ತಾರ? ಹುಮನಾಬಾದಕ್ಕ ಹೋಗುವಾಗ ಕಮಲಾಪುರ ಬಂತಂದ್ರ ನಮ್ಮಪ್ಪ ಬಸ್ಸಿನ ಕಿಡಕಿ ಹಾಕ್ತಿದ್ದ. ಅಂಥಾ ಊರಿಗಿ ನನ್ನ ಮಗಳು ದಿನಾ ಹೋಗಿ ಬರ್ಲಾಕತ್ತಾಳ. ಒಂದೇ ಕೆಲಸ ಮಾಡು. ಅದರ ಬುಡ ಓದು. ನೀ ಏನು ಓದ್ತಿ ಅದನ್ನ ನಾ ಒಪ್ಕೋತೀನಿ. ನಲವತ್ತೆಂಟರ ಹಿಂದಿಂದು ಇದ್ರ ತಗಡು ನಾನೇ ಹೊಡಿತೀನಿ ಪೆಟ್ಟಿಗಿಗಿ."

ಅದಕ್ಕೇ ಬುಧವಾರ ನಾನು ಸೀಮೆಎಣ್ಣೆ ಬಟ್ಟೆ ಹಿಡಿದು ಮದುಮಗನ ಮುಂದೆ ಕುಳಿತದ್ದು. ಸೀಮೆಸುಣ್ಣ ಬೇಕಾಗಲಿಲ್ಲ. ಬಟ್ಟೆ ಮೇಲಿನ ಜಿಡ್ಡು ತೆಗೆಯಿತು; ಗುರುತುಗಳ ತಗ್ಗಿನೊಳಗೆ ಅರಿಶಿನ ಹಾಗೆಯೇ ಉಳಿದು, ಬೂದು ಉಕ್ಕಿನ ಮೇಲೆ ಹಳದಿ ಬಣ್ಣದಲ್ಲಿ ಅವು ಎದ್ದು ನಿಂತವು. ಬ್ರಿಟಿಷರ ಕಿರೀಟ ಇರಬೇಕಾದ ಜಾಗದಲ್ಲಿ ಮೂರು ಸಿಂಹ. ನೋಟಿನ ಮೇಲೆ ಇರುವವೇ. ಕೆಳಗೆ ಎರಡು ಅಂಕಿ: ಅರವತ್ತೆರಡು.

ನಲವತ್ತೆಂಟರಲ್ಲಿ ಆ ಸಿಂಹಗಳು ನಮ್ಮ ಸರಕಾರದ ಮುದ್ರೆಯೇ ಆಗಿರಲಿಲ್ಲ.

ಅಂದು ಸಂಜೆ ಮಾವ ಬಾಳೆತೋಟಕ್ಕೆ ನಡೆದ. ನಾನು ಹಿಂದೆ ಹೋದೆ. ಮಂಟಪದ ಬಾಗಿಲಿಗೆ ಕಟ್ಟಲು ಕಂಬ ಆರಿಸುತ್ತಿದ್ದ. ಕೆಂಪು ಬಾಳೆಯ ಗಿಡಗಳ ನಡುವೆ ಇಬ್ಬರೇ ಇದ್ದೆವು.

"ಮಾವ, ಅದರ ಬುಡಕ್ಕ ಮೂರು ಸಿಂಹ ಅವ."

"ಇರಲಿ."

"ಅರವತ್ತೆರಡು ಅಂತ ಬರದದ."

ಮಾವ ಒಣಗಿದ ಎಲೆಯೊಂದನ್ನು ಕುಡುಗೋಲಿನಿಂದ ಎಳೆದು ಕೆಡವಿದ. ಮತ್ತೊಂದು ಕೆಡವಿದ. "ಗೊತ್ತದ," ಎಂದ.

"ಹ್ಯಾಂಗ ಗೊತ್ತು?" ಎಂದೆ.

"ನಾನೇ ತಂದಿದ್ದು ಅದು. ಅರವತ್ತಾರರಾಗ. ಹುಮನಾಬಾದ ರೋಡಿನ ಚಾದ ಅಂಗಡ್ಯಾಗ ಒಬ್ಬ ಲಾರಿ ಡ್ರೈವರ್ ಸೀಟಿನ ಕೆಳಗ ಇಟ್ಟುಕೊಂಡಿದ್ದ. ಒಂದು ಗೊನಿ ಬಾಳಿಹಣ್ಣು ಕೊಟ್ಟು ತಗೊಂಡೆ. ಅಪ್ಪ ಹಾಸಗಿ ಹಿಡಿದಿದ್ದ. ಹಗಲಿ ರಾತ್ರಿ ನನ್ನ ಸಂಗೀನು ಎಲ್ಲಿ, ನನ್ನ ಸಂಗೀನು ಎಲ್ಲಿ ಅಂತಿದ್ದ. ಕೈಯಾಗ ಇಟ್ಟೆ. ಇದೇ, ಇದೇ ಅಂದ. ಎದಿ ಮ್ಯಾಲ ಇಟಗೊಂಡು ಮಲ್ಕೊಂಡ."

"ಹಂಗಾದ್ರ ಖರೇದು?"

"ಮಿಲಿಟರಿಯವರು ಮನಿ ಮನಿ ಹೊಕ್ಕು ಹತಾರ ಹುಡುಕುವಾಗ ಅಂಜಿ ಬಾವಿಗಿ ಒಗದೀನಿ ಅಂತಿದ್ದ. ಎರಡು ಸಲ ಹೂಳು ತೆಗಿಸೀನಿ ಆ ಬಾವಿದು. ಬಿಂದಗಿ ಸಿಕ್ತು. ನಿಮ್ಮವ್ವನ ಹಿತ್ತಾಳಿ ತಂಬಗಿ ಸಿಕ್ತು. ಒಂದು ಗಡಿಯಾರ ಸಿಕ್ತು, ಯಾರದೋ ಏನೋ."

"ಸಂಗೀನು?"

ಮಾವ ತಲೆ ಅಲ್ಲಾಡಿಸಿದ.

"ಮತ್ತ ಮೈಬೂಬನ ಹೆಸರು ಯಾಕ ಬಂತು ಮಾವ?"

"ಅಪ್ಪ ಆ ಹೆಸರೇ ಹೇಳ್ತಿದ್ದ. ನನಗೇನು ಗೊತ್ತು? ನಾ ನಾಕು ವರ್ಷದಾಂವ." ಕುಡುಗೋಲು ಕೆಳಗಿಟ್ಟು ನನ್ನ ರಟ್ಟೆ ಹಿಡಿದ. ಹಿಡಿತ ಇನ್ನೂ ಗಟ್ಟಿಯಿತ್ತು. "ಅಳಿಯಾ, ನಾಳಿ ನಾ ಸತ್ರ ನಮ್ಮಪ್ಪಂದು ಈ ಭೂಮಿ ಮ್ಯಾಲ ಉಳಿಯೋದು ಏನು? ಅವನ ಒಂದು ಫೋಟೋ ಸುದ್ದಾ ಇಲ್ಲ. ಆ ಪೆಟ್ಟಿಗಿ ಒಂದೇ. ನೀ ಶುಕ್ರವಾರ ಆ ಮಾತು ಆಡಿದಿ ಅಂದ್ರ, ನಾ ಮಂಟಪದಾಗ ಕುಂತಲ್ಲೇ ಹೋಗ್ತೀನಿ. ಹೆಣ ಹೊತಗೊಂಡು ಬಾ."

"ಆ ಮಕ್ಬೂಲ್ ನನಗ—"

"ನಿನಗ ಉಣಿಸಿದಾಂವ ಯಾರು? ಮಕ್ಬೂಲೋ, ನಾನೋ?"

ಬಾಳೆಕಂಬ ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ಮಣೆಯ ಮೇಲೆ ಶಿವಶರಣ ಹಾಗೆಯೇ ಕುಳಿತಿದ್ದ. "ಮಾಮಾ, ಕೈ ಜೋಮು ಹಿಡ್ದದ," ಎಂದ. "ಎಡಗೈಗಿ ತಗೊಂಡ್ರ ನಡಿತದೇನು?" ನಡೆಯುವುದಿಲ್ಲ, ಸುಮ್ಮನೆ ಕೂಡು ಎಂದು ಗದರಿಸಿದೆ.

ಗುರುವಾರ ಬೆಳಿಗ್ಗೆ ಮೋಮಿನಪುರಕ್ಕೆ ಹೋದೆ. ದಾರಿಯುದ್ದಕ್ಕೂ ಸುಳ್ಳು ಜೋಡಿಸುತ್ತಿದ್ದೆ. ಸವೆದುಹೋಗಿದೆ, ಏನೂ ಕಾಣಲಿಲ್ಲ ಅನ್ನುವುದು. ಅಥವಾ ನೋಡಲು ಬಿಡಲಿಲ್ಲ ಅನ್ನುವುದು. ಮಕ್ಬೂಲ್ ತಕ್ಕಡಿಯ ಪಕ್ಕ ಕುಳಿತು ತಾಮ್ರದ ತಂತಿ ಸುಲಿಯುತ್ತಿದ್ದ. ತಲೆ ಎತ್ತಿ ನನ್ನ ಮುಖ ನೋಡಿದ. ಅವನ ಮುಂದೆ ಉಕ್ಕಿನ ವಿಷಯದಲ್ಲಿ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. ಸಿಂಹ ಹೇಳಿದೆ, ಅರವತ್ತೆರಡು ಹೇಳಿದೆ. ಹೇಳಬಾರದ ಲಾರಿ ಡ್ರೈವರನನ್ನೂ ಬಾವಿಯನ್ನೂ ಹೇಳಿಬಿಟ್ಟೆ.

"ಬಾಸಟ್! ಅರವತ್ತೆರಡು!" ಎಂದ. "ಅರೆ ಯಾರ್, ಬಾಸಟ್!" ಕೆಮ್ಮು ಬರುವವರೆಗೆ ನಕ್ಕ. "ನಮ್ಮ ದಾದಾ ಸತ್ತಿದ್ದು ಛಪ್ಪನ್‌ನಾಗ, ಐವತ್ತಾರರಾಗ. ಗೋರಿಯಿಂದ ಎದ್ದು ಬಂದು ಕೊಟ್ಟು ಹೋದನೇನು ನಿಮ್ಮ ಮುತ್ಯಾಗ?" ಕಣ್ಣು ಒರೆಸಿಕೊಂಡ. ನಗುವಿಗೆ ಬಂದ ನೀರೋ ಬೇರೆಯದೋ ನನಗೆ ತಿಳಿಯಲಿಲ್ಲ.

"ಮಕ್ಬೂಲ್ ಭಾಯ್, ಇದು ಅಲ್ಲ ಅಂತ ಅಷ್ಟೇ ಗೊತ್ತಾಗ್ಯಾದ. ಮೊದಲಿಂದು ಇತ್ತೋ ಇಲ್ಲೋ—"

"ಅಷ್ಟೇ ಸಾಕು. ನೀ ಅಷ್ಟೇ ಹೇಳು. ಈ ಸಂಗೀನು ಮೈಬೂಬಂದು ಅಲ್ಲ. ಒಂದು ಮಾತು. ಬಾಕಿದು ಅಲ್ಲಾಹಗ ಗೊತ್ತು." ಅಷ್ಟರಲ್ಲಿ ಫೋನು ಕಿವಿಗಿಟ್ಟಿದ್ದ. "ಅಲ್ಫಿಯಾ, ಕ್ಲಾಸಿನಾಗ ಇದ್ದಿ ಏನು? ಕೇಳಿಲ್ಲಿ, ನಾಳಿ ನಿನ್ನ ಚಂದ್ರಶಾ ಚಾಚಾ ಮದಿವ್ಯಾಗ ಎಲ್ಲರ ಮುಂದ ಹೇಳ್ತಾರ. ಮೈಕಿನಾಗ! ನಾನೂ ಬರ್ತೀನಿ. ಹೌದು, ಕಮಲಾಪುರಕ್ಕ. ಅರೆ, ಬರ್ತೀನಂದ್ನಲ್ಲ." ಫೋನು ನನ್ನ ಕಡೆ ಹಿಡಿದ. "ನೀನೇ ಹೇಳು ಅಕಿಗಿ."

ಆ ಕಡೆಯಿಂದ ಹುಡುಗಿಯ ದನಿ ಬಂತು. "ಚಾಚಾ, ಖರೇನ್ರೀ?"

"ಹೇಳ್ತೀನವ್ವ," ಎಂದೆ.

ಬೇರೆ ಏನು ಅನ್ನಬಹುದಿತ್ತು, ಈಗಲೂ ತಿಳಿಯುವುದಿಲ್ಲ.

ಅಂದೇ ಸೂಪರ್ ಮಾರ್ಕೆಟ್‌ಗೆ ಹೋಗಿ ಬೇರೊಂದು ತಗಡು ಕೆತ್ತಿಸಿದೆ. 'ಕಮಲಾಪುರದ ಸಾಯಬಣ್ಣನವರ ನೆನಪಿಗೆ, ಮನೆತನದವರಿಂದ.' ವರ್ಷವಿಲ್ಲ, ರಜಾಕಾರನಿಲ್ಲ, ಮೈಬೂಬನಿಲ್ಲ. ಹಳೆಯದನ್ನು ಕಟ್ಟರಿಗೆ ಹಾಕಿ ನಾಲ್ಕು ತುಂಡು ಮಾಡಿದೆ. ಮೈಕಿನಲ್ಲಿ ಮುತ್ಯಾನ ನೆನಪಿಗೆ ಅಂತ ಒಂದೇ ಮಾತು ಹೇಳಿ ಪೆಟ್ಟಿಗೆ ಮುಚ್ಚಿಬಿಡುವುದು. ಮಾವ ಬೇಡವೆಂದ ಮಾತು ಆಡಿದಂತಾಗುವುದಿಲ್ಲ, ಮಕ್ಬೂಲನ ದಾದಾನ ಹೆಸರೂ ಬರುವುದಿಲ್ಲ. ಇಬ್ಬರೂ ಸ್ವಲ್ಪ ಬೈಯಬಹುದು. ಬೈಗುಳ ನನಗೆ ಹೊಸದಲ್ಲ.

ಶುಕ್ರವಾರ ಮಂಟಪ ತುಂಬಿತ್ತು. ಬೆಳಿಗ್ಗೆ ಆರಕ್ಕೇ ಹೋಗಿ ಹೊಸ ತಗಡನ್ನು ಸ್ಕ್ರೂ ಹಾಕಿ ಕೂಡಿಸಿದ್ದೆ. ಮೇಲೊಂದು ರೇಷ್ಮೆ ಬಟ್ಟೆ ಹೊದಿಸಿದ್ದರಿಂದ ಯಾರೂ ಓದಿರಲಿಲ್ಲ. ಹತ್ತೂವರೆಗೆ ಮಕ್ಬೂಲ್ ಬಂದ. ಇಸ್ತ್ರಿ ಮಾಡಿದ ಬಿಳೀ ಜುಬ್ಬಾ, ಅತ್ತರು, ಕೈಯಲ್ಲಿ ಮದುಮಗನಿಗೆಂದು ತಂದ ಗೋಡೆ ಗಡಿಯಾರದ ಡಬ್ಬಿ. ಇಪ್ಪತ್ತಾರು ವರ್ಷದಲ್ಲಿ ನಾನು ಅವನನ್ನು ಹಾಗೆ ನೋಡಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಗಳಿಗೆ ಹೊಸ್ತಿಲ ಹೊರಗೇ ನಿಂತ. ನಾನು ಕೈ ಹಿಡಿದು ಒಳಗೆ ತಂದು ಮೂರನೆಯ ಸಾಲಿನಲ್ಲಿ ಕೂಡಿಸಿದೆ. ಹೆಂಗಸರ ಕಡೆ ಅಲ್ಫಿಯಾ ಇಬ್ಬರು ಟೀಚರುಗಳ ಜೊತೆ ಕುಳಿತಿದ್ದಳು. ತಂದೆಗೆ ಕೈಬೀಸಿದಳು.

ಅಕ್ಕಿಕಾಳು ಬಿದ್ದವು. ಶಿವಶರಣ ಸಂಗೀನನ್ನು ನನ್ನ ಕೈಯಲ್ಲಿಟ್ಟು, "ಪಾರಾದೆ ಮಾಮಾ," ಎಂದು ಬೆರಳು ಮಡಚಿ ಬಿಚ್ಚಿದ. ಅವನ ಅಂಗೈಯ ಬಿಸಿ ಹಿಡಿಯಲ್ಲಿ ಇನ್ನೂ ಇತ್ತು. ಪೆಟ್ಟಿಗೆಗೆ ಹೋಗುವವರೆಗೆ ಅದನ್ನು ಈಗ ನಾನು ಕೆಳಗಿಡುವಂತಿಲ್ಲ. ಯಾರೋ ಮೈಕು ಕೊಟ್ಟರು. ಹಿಂದೆಯೇ ಕುರ್ಚಿಯಲ್ಲಿ ಮಾವ, ರುಮಾಲು ಸುತ್ತಿಕೊಂಡು.

"ಇದು ನಮ್ಮ ಮುತ್ಯಾ ಸಾಯಬಣ್ಣನವರ ನೆನಪಿಗೆ," ಎಂದೆ. "ಮನೆತನದವರಿಂದ." ಮೈಕು ಇಳಿಸಿದೆ.

"ಅಷ್ಟೇ?" ಮುಂದಿನ ಸಾಲಿನಿಂದ ಯಾರೋ ಒಬ್ಬ ಮುದುಕ. "ಕಥಿ ಹೇಳೋ ಚಂದ್ರಶಾ!"

"ಸಣ್ಣಾಂವ ಇದ್ದಾಗ ಚಂದ ಹೇಳ್ತಿದ್ದಿ!"

"ಊಟಕ್ಕ ಹೊತ್ತಾಗ್ಯಾದ," ಎಂದೆ. ನಕ್ಕರು.

ಹಿಂದಿನಿಂದ ಮಾವನ ದನಿ ಬಂತು, ಮೆಲ್ಲಗೆ. "ಯಾರ ಕಡಿಂದ ಕಸಗೊಂಡ? ಹೇಳು."

ನಾನು ತಿರುಗಲಿಲ್ಲ. ಮೂರನೆಯ ಸಾಲಿನಲ್ಲಿ ಮಕ್ಬೂಲ್ ಕುರ್ಚಿಯ ತುದಿಗೆ ಬಂದು ಕುಳಿತಿದ್ದ. ಗಡಿಯಾರದ ಡಬ್ಬಿ ತೊಡೆಯ ಮೇಲಿತ್ತು. ನನಗೆ ತಲೆಯಾಡಿಸಿ ಧೈರ್ಯ ಹೇಳಿದ. ಹೇಳು, ಹೇಳು ಅನ್ನುವ ಹಾಗೆ.

"ಯಾರ ಕಡಿಂದ?" ಈ ಸಲ ಮಾವ ಗಟ್ಟಿಯಾಗಿ ಕೇಳಿದ. ಕೇಳಿ ಎದ್ದು ನಿಂತ. ನನ್ನ ಭುಜದ ಮೇಲೆ ಕೈಯಿಟ್ಟ. ಅದರ ಭಾರ ಪೂರ್ತಿ ನನ್ನ ಮೇಲೆ ಬಿತ್ತು.

ಮುಂದಿನ ಸಾಲಿನ ಮುದುಕರಿಗೆ ಇದು ಆಟವಾಗಿ ಕಂಡಿರಬೇಕು. ಊರ ಕಥೆ, ಎಲ್ಲರಿಗೂ ಬಾಯಿಪಾಠ. ಒಬ್ಬ ಕೂಗಿದ: "ಮೈಬೂಬ!" ಇನ್ನಿಬ್ಬರು ಕೂಗಿದರು. ಹೆಂಗಸರ ಕಡೆಯಿಂದ ಪುಟ್ಟ ಹುಡುಗಿಯೊಂದು ಕೂಗಿತು. ಸಭೆಯೆಲ್ಲ ನಕ್ಕಿತು. ಕೆಟ್ಟ ನಗೆಯಲ್ಲ. ಮದುವೆಮನೆಯ ನಗೆ. ಅವರಲ್ಲಿ ಯಾರಿಗೂ ಮೂರನೆಯ ಸಾಲಿನಲ್ಲಿ ಕುಳಿತವನು ಯಾರೆಂದು ಗೊತ್ತಿರಲಿಲ್ಲ.

ಒಂದು ಮಾತು. ಅಲ್ಲ ಅನ್ನುವ ಒಂದು ಮಾತು. ನನ್ನ ಹೆಬ್ಬೆರಳು ಸಂಗೀನಿನ ಬುಡದ ಮೇಲೆಯೇ ಇತ್ತು. ಅತ್ತೆ ಮೆತ್ತಿದ ಹಸಿ ಅರಿಶಿನ ಸರಿಸಿದರೆ ಸಿಂಹಗಳು ಅಲ್ಲೇ ಇದ್ದವು. ಜೀವಮಾನದಲ್ಲಿ ನಾನು ಯಾರ ಮುಂದೆಯೂ ಬಾಯಿ ಕಟ್ಟಿಕೊಂಡು ನಿಂತವನಲ್ಲ. ಕಾರ್ಪೊರೇಷನ್ನಿನವರ ಜೊತೆ, ಪೊಲೀಸರ ಜೊತೆ, ಇದೇ ಮಾವನ ಜೊತೆ ಬುಧವಾರ ಊರಿಗೆ ಕೇಳುವ ಹಾಗೆ ಜಗಳಾಡಿದವನು.

"ಹೇಳೋ," ಎಂದ ಮಾವ. ಉಸಿರು ನನ್ನ ಕಿವಿಗೆ ತಾಗಿತು.

"ಹೌದು," ಎಂದೆ ಮೈಕಿನಲ್ಲಿ. "ಮೈಬೂಬನ ಕಡಿಂದ."

ಚಪ್ಪಾಳೆ ಬಿತ್ತು. ವಾಲಗದವರು ಕೇಳದೆಯೇ ಶುರು ಮಾಡಿದರು. ಮಾವ ನನ್ನ ತಲೆಯನ್ನು ಎಳೆದುಕೊಂಡು ಹಣೆಗೆ ಹಣೆ ಹಚ್ಚಿದ. ಅವನ ಕಣ್ಣಲ್ಲಿ ನೀರಿತ್ತು. ಯಾರೋ ನನಗೆ ಶಾಲು ಹೊದಿಸಿದರು, ಇನ್ಯಾರೋ ಹಾರ ಹಾಕಿದರು, ಫೋಟೋದವನು ಸಂಗೀನು ಎತ್ತಿ ಹಿಡೀರಿ ಸರ್, ಇನ್ನೂ ಮೇಲೆ ಅಂದ. ಎತ್ತಿ ಹಿಡಿದೆ.

ಆ ಗದ್ದಲದ ಮೇಲಿನಿಂದ ನೋಡಿದೆ. ಮಕ್ಬೂಲ್ ಎದ್ದಿದ್ದ. ಸಿಟ್ಟಿನಿಂದ ಎದ್ದವನ ಹಾಗೆ ಇರಲಿಲ್ಲ. ಬಸ್ಸಿನಲ್ಲಿ ತನ್ನ ಊರು ಬಂತೆಂದು ಏಳುವವನ ಹಾಗೆ ಎದ್ದ. ಡಬ್ಬಿಯನ್ನು ಕುರ್ಚಿಯ ಮೇಲೆ ಇಟ್ಟು, ಬೀಳದಂತೆ ಹಿಂದಕ್ಕೆ ಸರಿಸಿದ. ಸಾಲಿನವರು ಮೊಣಕಾಲು ಮಡಚಿ ದಾರಿ ಬಿಟ್ಟರು, ಅವನು ಎಲ್ಲರಿಗೂ ಕೈ ಮುಗಿಯುತ್ತಾ ದಾಟಿದ. ಆ ಕಡೆ ಅಲ್ಫಿಯಾ ಕೂಡ ಎದ್ದಳು. ಜೊತೆಯ ಟೀಚರು ಅವಳ ಕೈ ಹಿಡಿದು ಏನೋ ಕೇಳಿದಳು. ಅವಳು ಬಿಡಿಸಿಕೊಂಡಳು.

"ಮಕ್ಬೂಲ್ ಭಾಯ್!" ಎಂದು ಕೂಗಿದೆ. ವಾಲಗದಲ್ಲಿ ಅದು ನನಗೇ ಕೇಳಿಸಲಿಲ್ಲ. ಕೆಳಗಿಳಿಯಲು ಕಾಲು ಇಟ್ಟೆ. "ಏ, ಹತಾರ ಹಿಡಕೊಂಡು ಎಲ್ಲಿ ಹೊಂಟಿ?" ಎಂದು ಶಾರದಾಬಾಯಿ ಅತ್ತೆ ಶಾಲಿನ ತುದಿ ಹಿಡಿದಳು. "ಪೆಟ್ಟಿಗ್ಯಾಗ ಇಡೋ ತನಕ ನೀ ವೇದಿಕಿ ಇಳಿಬಾರ್ದು."

ಅವನು ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕಿದ. ನೂರಾರು ಚಪ್ಪಲಿ. ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನ ಬಿಳೀ ಬೆನ್ನು ನನಗೆ ಕಾಣುತ್ತಿತ್ತು. ಒಮ್ಮೆ ತಿರುಗುತ್ತಾನೆ ಅಂದುಕೊಂಡೆ. ಚಪ್ಪಲಿ ಮೆಟ್ಟಿದ, ಮಗಳ ಹೆಗಲ ಮೇಲೆ ಕೈಯಿಟ್ಟ, ಬಿಸಿಲಿಗೆ ಇಳಿದ.

ಸಂಗೀನನ್ನು ಪೆಟ್ಟಿಗೆಯಲ್ಲಿಟ್ಟು ವೇದಿಕೆ ಇಳಿದೆ. ಊಟಕ್ಕೆ ಮೂರು ಪಂಕ್ತಿ ಆದವು. ಮೂರಕ್ಕೂ ನಾನೇ ಬಾಗಿಲ ಬಳಿ ನಿಂತು ಬಡಿಸಿದೆ. ಅವನು ಬರಲಿಲ್ಲ.